ಬಣ್ಣದ ಕೆಳಗಿನ ಬಿರುಕು

ಕಠೋಪನಿಷತ್ತಿನ ರಥದ ರೂಪಕ ನಮಗೆಲ್ಲ ಪರಿಚಿತವಾದುದು. ಆತ್ಮನು ರಥಿಕ, ಶರೀರವು ರಥ, ಬುದ್ಧಿಯು ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಆ ಚಿತ್ರದಲ್ಲಿ ಒಬ್ಬನಿಗೆ ಮಾತ್ರ ಎಡೆಯಿಲ್ಲ. ಅಚ್ಚು ಮುರಿದಾಗ ರಥದ ಕೆಳಗೆ ಮಲಗಿ ಅದನ್ನು ಸರಿಪಡಿಸುವವನು ಅಲ್ಲಿ ಕಾಣುವುದಿಲ್ಲ. ಹಳೆಯ ವಸ್ತುವೊಂದನ್ನು ದುರಸ್ತಿ ಮಾಡಿ ಉಳಿಸಿಕೊಳ್ಳುವುದರಲ್ಲಿಯೂ ಧರ್ಮಾಧರ್ಮದ ಪ್ರಶ್ನೆಯೊಂದಿದೆ ಎಂಬುದು ನನಗೆ ಹೊಳೆದದ್ದು ಗ್ರಂಥಗಳಿಂದಲ್ಲ, ಒಂದು ಹಳೆಯ ಡೀಸೆಲ್ ವ್ಯಾನಿನಿಂದ.

ಬಳ್ಳಾರಿಯಲ್ಲಿದ್ದ ನಮ್ಮ ಸೋದರಮಾವ ನಿವೃತ್ತರಾದ ಮೇಲೆ ಆ ವ್ಯಾನನ್ನು ಕೊಂಡರು. ಆಸನಗಳನ್ನು ತೆಗೆಸಿ ಎರಡು ಮಂಚ, ಒಂದು ಅಡುಗೆಕಟ್ಟೆ, ಬಟ್ಟೆಯ ಬೀರು, ಹಿಂಭಾಗದಲ್ಲಿ ಇನ್ನೂರು ಲೀಟರಿನ ನೀರಿನ ತೊಟ್ಟಿ ಇಡಿಸಿದರು. ಅತ್ತೆಯೊಡನೆ ಅದರಲ್ಲಿಯೇ ಶ್ರೀಶೈಲ, ಪಂಢರಪುರ, ಕಾಶಿಗಳನ್ನು ಕಂಡುಬಂದರು. ಚಲಿಸುವ ಮನೆ ನಮ್ಮ ಸೀಮೆಗೆ ಅಪರಿಚಿತವೇನಲ್ಲ. ಕುರಿಮಂದೆಯ ಹಿಂದೆ ಸಂಸಾರ ಹೊತ್ತು ನಡೆಯುವವರನ್ನು ನಾವು ಬಲ್ಲೆವು, ಊರಿಂದೂರಿಗೆ ರಂಗಸಜ್ಜಿಕೆ ಸಾಗಿಸಿದ ನಾಟಕ ಕಂಪನಿಗಳನ್ನು ಬಲ್ಲೆವು, ಎನ್. ಟಿ. ರಾಮರಾಯರು ಹಳೆಯ ಷೆವರ್ಲೆ ವಾಹನವೊಂದನ್ನು ‘ಚೈತನ್ಯ ರಥ’ವಾಗಿಸಿ, ಮಗ ಹರಿಕೃಷ್ಣರ ಸಾರಥ್ಯದಲ್ಲಿ 1983ರ ಚುನಾವಣೆಗೆ ಆಂಧ್ರವನ್ನೆಲ್ಲ ಸುತ್ತಿದ್ದನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ.

ಮಾವನ ಕಾಲಾನಂತರ ವ್ಯಾನು ರಾಯದುರ್ಗದ ನಮ್ಮ ಹಿತ್ತಲಿಗೆ ಬಂದಿತು. ಆರು ತಿಂಗಳು ಅದನ್ನು ಮುಟ್ಟದೆ ನಿಲ್ಲಿಸಿದೆ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಕೆಡುತ್ತದೆಂಬುದನ್ನು ಆಗ ಕಲಿತೆ. ಬ್ಯಾಟರಿ ಸತ್ತಿತ್ತು. ಟ್ಯಾಂಕಿನ ತಳದಲ್ಲಿ ನೀರು ಇಳಿದು ಡೀಸೆಲ್ ಕೆಸರಾಗಿತ್ತು. ನಮ್ಮ ಒಣಹವೆಯಲ್ಲಿ ತುಕ್ಕು ಕಡಿಮೆ. ಆದರೆ ಬಿಸಿಲಿಗೆ ರಬ್ಬರಿನ ಕೊಳವೆಗಳೂ ಟೈರಿನ ಪಕ್ಕೆಗಳೂ ಸೀಳಿಬಿಡುತ್ತವೆ. ಊರಿನ ಮೇಸ್ತ್ರಿಯೊಬ್ಬರು ಟ್ಯಾಂಕು ತೊಳೆದು, ಫಿಲ್ಟರು ಬದಲಿಸಿ, ಕೈಪಂಪು ಒತ್ತೊತ್ತಿ ಕೊಳವೆಯೊಳಗಿನ ಗಾಳಿಯನ್ನು ಹೊರಗೆಡವಿದರು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಒತ್ತಿ ಹಿಡಿದ ಗಾಳಿಯ ಶಾಖಕ್ಕೇ ಇಂಧನ ಹೊತ್ತಿಕೊಳ್ಳುತ್ತದೆ. ಆದರೆ ಇಂಧನದ ದಾರಿಯಲ್ಲಿ ಒಂದಿಷ್ಟು ಗಾಳಿ ಸೇರಿದರೂ ಅದು ಮಿಸುಕದು. ಹೊಗೆಯನ್ನು ಓದುವುದನ್ನೂ ಅವರೇ ಕಲಿಸಿದರು: “ಕಪ್ಪು ಬಂದರೆ ಗಾಳಿ ಸಾಲದು, ಇಲ್ಲವೆ ಡೀಸೆಲ್ ಹೆಚ್ಚು. ನೀಲಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಬಿಡದೆ ಬಂದರೆ ನೀರು ಒಳಗೆ ಹೋಗುತ್ತಿದೆಯೇನೋ ನೋಡಬೇಕು, ಮೇಷ್ಟ್ರೇ.”

ವರ್ಷವೊಂದರಲ್ಲಿ ನಾಜಲುಗಳು, ಕ್ಲಚ್ ಪ್ಲೇಟು, ರೇಡಿಯೇಟರು, ನಾಲ್ಕು ಟೈರುಗಳು ಹೊಸದಾದವು. ಇನ್ನು ಇದನ್ನು ಮಾವನ ವ್ಯಾನೆಂದು ಕರೆಯಬಹುದೆ? ಈ ಪ್ರಶ್ನೆ ಬಹು ಹಳೆಯದು. ಯವನರಾಜ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವೆಂದು ಪ್ರಸಿದ್ಧವಾದ ಪಾಳಿ ಗ್ರಂಥದಲ್ಲಿ ನಾಗಸೇನನು ರಾಜನನ್ನು ಹೀಗೆಯೇ ಸಿಕ್ಕಿಸುತ್ತಾನೆ. ನೀನು ಏರಿಬಂದ ರಥ ಯಾವುದು, ಅಚ್ಚೆ, ಗಾಲಿಯೆ, ನೊಗವೆ? ಯಾವ ಭಾಗವೂ ರಥವಲ್ಲ. ಭಾಗಗಳನ್ನು ಬಿಟ್ಟು ಬೇರೆ ರಥವೂ ಇಲ್ಲ. ಭಾಗಗಳನ್ನು ಆಶ್ರಯಿಸಿ ಲೋಕವ್ಯವಹಾರಕ್ಕೆಂದು ಇಟ್ಟುಕೊಂಡ ಹೆಸರು ‘ರಥ’. ನಮ್ಮ ಊರೂ ಹಾಗೆಯೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈಚೆಗೆ ಸೇರಿದವು. ರಾಯದುರ್ಗಕ್ಕೆ ಜಿಲ್ಲೆ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಮಡಕಶಿರಾ 2022ರಲ್ಲಿ ಮತ್ತೊಂದು ಜಿಲ್ಲೆಗೆ ಸೇರಿತು. ಆದರೂ ಊರು ಅದೇ ಎನ್ನುತ್ತೇವೆ.

ನಾಗಸೇನನ ಉತ್ತರವನ್ನು ಒಪ್ಪಿದರೆ ಅದರಿಂದ ಒಂದು ನೈತಿಕ ಹೊಣೆ ಹುಟ್ಟುತ್ತದೆಂದು ನನಗನ್ನಿಸುತ್ತದೆ. ಹೆಸರೆಂಬುದು ಜನರೊಳಗಿನ ಒಪ್ಪಂದವಾದರೆ, ಆ ಹೆಸರಿನ ಕೆಳಗಿರುವ ಭಾಗಗಳು ಬದಲಾದಾಗ ಒಪ್ಪಂದದಲ್ಲಿರುವ ಇತರರಿಗೆ ಅದನ್ನು ತಿಳಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುವುದೂ ಇಂಥದೇ ಮಾತು: ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ, ಮಾಡಿದ ಮಾರ್ಪಾಡು ದಾಖಲೆಗೆ ಸೇರಬೇಕು. ಬದಲಾಯಿಸುವುದು ದೋಷವಲ್ಲ, ಬದಲಾಯಿಸಿದ್ದನ್ನು ಮುಚ್ಚಿಡುವುದು ದೋಷ.

ದುರಸ್ತಿಯನ್ನು ಹೊಗಳುವವರು ಸಾಮಾನ್ಯವಾಗಿ ಮಿತವ್ಯಯದ ಮಾತನಾಡುತ್ತಾರೆ. ಅದು ನಿಜ, ಹೊಸ ಗಾಡಿ ಹುಟ್ಟಬೇಕಾದರೆ ಕಬ್ಬಿಣ ಕರಗಬೇಕು, ಕಲ್ಲಿದ್ದಲು ಉರಿಯಬೇಕು. ಆದರೆ ಹಳೆಯ ಎಂಜಿನ್ನಿನ ಖರ್ಚು ಒಡೆಯನ ಜೇಬಿಗೆ ಮಾತ್ರ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ನನ್ನ ಮಮತೆಯ ವ್ಯಾನಿನ ಹಿಂದೆ ಸೈಕಲ್ ತುಳಿಯುವ ಹುಡುಗಿಗೂ ನನ್ನ ಮಾವನಿಗೂ ಯಾವ ಸಂಬಂಧ? ಆದುದರಿಂದ ದುರಸ್ತಿಯ ಹಕ್ಕಿಗೊಂದು ಮೇರೆಯಿದೆ. ಡೀಸೆಲ್ ಪಂಪನ್ನು ಸರಿಯಾಗಿ ಅಳೆಸಿ, ಹೊಗೆಯನ್ನು ನಿಯಮದೊಳಗೆ ತರಲಾಗದ ದಿನ ನೆನಪಿನ ಕಾರಣಕ್ಕೆ ಅದನ್ನು ರಸ್ತೆಗಿಳಿಸುವುದು ನ್ಯಾಯವಲ್ಲ. ಆ ಪರೀಕ್ಷೆಯಲ್ಲಿ ನಮ್ಮ ವ್ಯಾನು ಗೆದ್ದಿತು. ಸೋತವನು ನಾನು.

ಅದನ್ನು ಮಾರಲು ನಿರ್ಧರಿಸಿದಾಗ ಮೇಸ್ತ್ರಿ ಅಡಿಯಲ್ಲಿ ದೀಪ ಹಿಡಿದು ಒಂದು ಬಿರುಕನ್ನು ತೋರಿಸಿದರು. ಹಿಂದಿನ ಕಮಾನುಪಟ್ಟಿಯನ್ನು ಹಿಡಿದಿರುವ ಜಾಗದಲ್ಲಿ ಚಾಸಿಯ ಉಕ್ಕು ಸೀಳಿತ್ತು. ತುಂಬಿದ ತೊಟ್ಟಿಯ ನೀರೇ ಇನ್ನೂರು ಕಿಲೋ. ವರ್ಷಗಟ್ಟಲೆ ಆ ಭಾರವೆಲ್ಲ ಹಿಂದೆ ನೇತಾಡಿತ್ತು. ಸರಿಯಾದ ಕ್ರಮವೆಂದರೆ ಬಿರುಕಿನ ತುದಿಗಳಲ್ಲಿ ತೂತು ಕೊರೆದು ಅದು ಮುಂದೆ ಹರಿಯದಂತೆ ತಡೆದು, ಆಳವಾಗಿ ಕೆತ್ತಿ ಬೆಸೆದು, ಮೇಲೆ ಉಕ್ಕಿನ ಪಟ್ಟಿ ಕೂರಿಸಬೇಕು. ತೊಟ್ಟಿಯನ್ನು ಮುಂದಕ್ಕೆ ಸರಿಸಬೇಕು. ಅದಕ್ಕೆ ಹಣವೂ ದಿನಗಳೂ ಬೇಕು. “ಮೇಲೆಮೇಲೆ ಬೆಸೆದು ಬಣ್ಣ ಹೊಡೆದರೆ ಯಾರಿಗೂ ಕಾಣೋದಿಲ್ಲ. ಆದರೆ ನಾನು ಹಾಗೆ ಮಾಡು ಅನ್ನೋದಿಲ್ಲ, ನೀವು ಹೇಳಿದಂಗೆ,” ಎಂದರು. ನಾನು ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದವನು. ಬಣ್ಣ ಹೊಡೆಯಿರಿ ಎಂದೆ.

ಕೊಳ್ಳಲು ಬಂದವನು ಮಡಕಶಿರಾ ಕಡೆಯ ತರುಣ. ರಾಯದುರ್ಗದಲ್ಲಿ ಹೊಲಿಯುವ ಜೀನ್ಸ್ ಉಡುಪುಗಳನ್ನು ತುಂಬಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋಗಿ ಮಾರುವುದು, ವ್ಯಾನಿನಲ್ಲಿಯೇ ಮಲಗುವುದು ಅವನ ಯೋಜನೆ. ಹೆಂಡತಿ ಅಡುಗೆಕಟ್ಟೆಯನ್ನು ಸವರಿ ನೋಡಿದಳು. ಮಗು ಮೇಲಿನ ಮಂಚವನ್ನು ಹತ್ತಿ ಇಳಿಯಲೊಲ್ಲದೆ ಅತ್ತಿತು. ಮುಂಗಡ ಕೊಟ್ಟು ಹೋದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ ಮಂಚ ಬಿರುಕಿನ ನೇರ ಮೇಲಿತ್ತು.

ಮರುದಿನ ಅವನನ್ನು ಕರೆಸಿ, ಬಣ್ಣ ಕೆರೆಸಿ ತೋರಿಸಿದೆ. ಅವನು ಬಹಳ ಹೊತ್ತು ಕುಳಿತು ನೋಡಿ, “ಇದನ್ನ ನಿನ್ನೇನೇ ಯಾಕೆ ಹೇಳಲಿಲ್ಲ ಸಾರ್?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಖರ್ಚಿನಲ್ಲಿಯೇ ಕೆಲಸವನ್ನು ಕ್ರಮವಾಗಿ ಮಾಡಿಸಿದೆ. ಅವನು ಬೆಲೆ ಇಳಿಸಿ ಕೊಂಡ. ಉಕ್ಕಿನ ಪಟ್ಟಿಯ ಮೇಲೆ ಬಣ್ಣ ಬೇಡವೆಂದ. “ಬಿರುಕು ಮತ್ತೆ ಬಿಟ್ಟರೆ ನನಗೆ ಕಾಣಬೇಕು,” ಎಂದ.

ಆ ಮಾತಿನಲ್ಲಿ ದುರಸ್ತಿಯ ಧರ್ಮವೆಲ್ಲ ಇದೆಯೆಂದು ಈಗ ತಿಳಿಯುತ್ತೇನೆ. ಮಮತೆಯಿಂದ ಹುಟ್ಟುವ ದುರಸ್ತಿ ವಸ್ತುವಿನ ಅಂದವನ್ನು ನೋಡುತ್ತದೆ. ಹೊಣೆಯಿಂದ ಹುಟ್ಟುವ ದುರಸ್ತಿ ಅದರೊಳಗೆ ಮಲಗುವವರನ್ನು ನೋಡುತ್ತದೆ, ಮುಂದೆ ಪರೀಕ್ಷಿಸುವವನಿಗಾಗಿ ಬೆಸುಗೆಯನ್ನು ತೆರೆದಿಡುತ್ತದೆ.

ಗಡಿನಾಡಿನ ಕನ್ನಡಿಗರು ಸಮ್ಮೇಳನಕ್ಕೆ ಸೇರಿದಾಗ ಈ ಕಥೆಯನ್ನು ಹೇಳುವುದಕ್ಕೆ ಒಂದು ಕಾರಣವಿದೆ. ನಮ್ಮ ಭಾಷೆಯೂ ನಾವು ಬದುಕುವ ಚಲಿಸುವ ಮನೆ. ಅದಕ್ಕೆ ತೆಲುಗಿನ ಭಾಗಗಳು ಸೇರಿವೆ, ಇಂಗ್ಲಿಷಿನ ಭಾಗಗಳು ಸೇರಿವೆ. ಅದರಿಂದ ಅದು ಕನ್ನಡವಲ್ಲದಂತಾಗಿಲ್ಲ. ನಿಲ್ಲಿಸಿಟ್ಟರೆ ಮಾತ್ರ ಕೆಡುತ್ತದೆ. ವೇದಿಕೆಗೆ ತೋರಣ ಕಟ್ಟಿ, ಮೆರವಣಿಗೆ ಮಾಡಿ, ಮನೆಗೆ ಹೋದ ಮೇಲೆ ನಮ್ಮ ಮೊಮ್ಮಕ್ಕಳ ಕೈಗೆ ಈ ಸ್ಮರಣ ಸಂಚಿಕೆಯನ್ನು ಕೊಟ್ಟು ಒಂದು ಪುಟ ಓದಿಸಿ ನೋಡೋಣ. ನನ್ನ ಮೊಮ್ಮಗಳು ಕನ್ನಡವನ್ನು ಚೆನ್ನಾಗಿ ಆಡುತ್ತಾಳೆ, ಓದಲು ಬಾರದು. ಇಷ್ಟು ದಿನ ಇದನ್ನು ನಾನು ಸಂಘದಲ್ಲಿ ಯಾರಿಗೂ ಹೇಳಿರಲಿಲ್ಲ. ಈ ಬೇಸಗೆಯಲ್ಲಿ ಅವಳಿಗೆ ಅಕ್ಷರ ಕಲಿಸಲು ಆರಂಭಿಸಿದ್ದೇನೆ.