ಬೀಳುವ ನೀರಿನ ಲೆಕ್ಕ

ಮರದಿಂದ ಕಳಚಿದ ತೆಂಗಿನಕಾಯಿ ನೆಲ ಸೇರುವಷ್ಟರಲ್ಲಿ ಗುರುತ್ವಾಕರ್ಷಣೆ ಮಾಡಿದ ಕೆಲಸವೆಷ್ಟು? ಕಾಯಿಯ ತೂಕವನ್ನು ಅದು ಇಳಿದ ಎತ್ತರದಿಂದ ಗುಣಿಸಿದರೆ ಉತ್ತರ ಬಂತು. ಕಾಯಿ ನೆಟ್ಟಗೆ ಬಿದ್ದಿತೋ, ಇಳಿಜಾರಿನಲ್ಲಿ ಉರುಳಿ ಬಂದಿತೋ, ಆ ಲೆಕ್ಕಕ್ಕೆ ಬೇಕಿಲ್ಲ. ಎತ್ತರದಲ್ಲಿದ್ದಾಗ ಅಡಗಿದ್ದ ಈ ಸಾಮರ್ಥ್ಯವನ್ನೇ ಶಾಲೆಯ ಪುಸ್ತಕಗಳು ಪ್ರಚ್ಛನ್ನ ಶಕ್ತಿ ಎನ್ನುತ್ತವೆ. (ಅದು ಕಾಯಿಯೊಂದರ ಸೊತ್ತಲ್ಲ, ಕಾಯಿ ಮತ್ತು ಭೂಮಿಯ ಜಂಟಿ ಖಾತೆ.) ದಾರಿಯನ್ನು ಕೇಳದ ಈ ಲೆಕ್ಕ ಮನುಷ್ಯರ ವ್ಯವಹಾರಕ್ಕೂ ಸಲ್ಲುತ್ತದೆಯೇ?

ಮುಂಬಯಿಯಲ್ಲಿರುವ ನಮಗೆ ಇದು ದೂರದ ಪ್ರಶ್ನೆಯಲ್ಲ. ಪುಣೆ ಜಿಲ್ಲೆಯ ಮುಳಶಿಯಲ್ಲಿ ಹರಿಯುವ ಮುಳಾ ನದಿಯ ಸಹಜ ದಿಕ್ಕು ಪೂರ್ವ. ಅದರ ನೀರು ಭೀಮೆಯನ್ನು ಕೂಡಿ, ನಮ್ಮ ವಿಜಯಪುರ, ಕಲಬುರಗಿ ಸೀಮೆಯನ್ನು ಹಾದು, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗತಕ್ಕದ್ದು. ಟಾಟಾ ಕಂಪನಿ ಅಲ್ಲಿ ಅಣೆಕಟ್ಟು ಕಟ್ಟಿ ಆ ನೀರನ್ನು ಪಶ್ಚಿಮಕ್ಕೆ ತಿರುಗಿಸಿತು. ಸಹ್ಯಾದ್ರಿಯಿಂದ ಸುಮಾರು 500 ಮೀಟರ್ ಕೆಳಗೆ, ಕೊಂಕಣದ ಭೀರಾದಲ್ಲಿ, 1927ರಲ್ಲಿ ಅದು ವಿದ್ಯುತ್ತಾಗತೊಡಗಿತು. ಪೂರ್ವದ ಸಮುದ್ರಕ್ಕೇ ಹೋಗಿದ್ದರೂ ಗುರುತ್ವದ ಕೆಲಸದಲ್ಲಿ ಕಡಿಮೆಯೇನೂ ಆಗುತ್ತಿರಲಿಲ್ಲ. ನೂರಾರು ಮೈಲಿ ಕಲ್ಲು ತೇಯುತ್ತ, ಮಣ್ಣು ಹೊರುತ್ತ ತುಸುತುಸುವೇ ವೆಚ್ಚವಾಗುತ್ತಿತ್ತು, ಅಷ್ಟೆ. ಒಂದು ಟನ್ ನೀರು 500 ಮೀಟರ್ ಇಳಿದರೆ, ನಷ್ಟವೇನೂ ಇಲ್ಲವೆಂದುಕೊಂಡರೂ, ದೊರೆಯುವುದು 1.36 ಯೂನಿಟ್. ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆಗೆ ಒಂದೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕಾದೀತು. ನಗರವೊಂದಕ್ಕೆ ಎಷ್ಟು ನೀರು ನಿಲ್ಲಿಸಬೇಕು, ಎಷ್ಟು ನೆಲ ಮುಳುಗಬೇಕು ಎಂಬುದು ಇದರಿಂದ ಹೊಳೆಯುತ್ತದೆ.

ಮುಳುಗಿದ್ದು ಆಂಬೆಮೊಹರ್ ಅಕ್ಕಿಗೆ ಹೆಸರಾದ ನೆಲ. 1921ರಲ್ಲಿ ಅಲ್ಲಿನ ರೈತರು ಸತ್ಯಾಗ್ರಹ ಹೂಡಿದರು. ಮುಂದಾಳಾಗಿದ್ದ ಪಾಂಡುರಂಗ ಮಹಾದೇವ ಬಾಪಟರು ಸೆರೆಮನೆ ಕಂಡರು. ‘ಸೇನಾಪತಿ’ ಎಂಬ ಹೆಸರು ಅವರಿಗೆ ಬಂದದ್ದು ಈ ಹೋರಾಟದಿಂದಲೇ. 1924ರ ಹೊತ್ತಿಗೆ ಚಳವಳಿ ಅಡಗಿತು. ಕಟ್ಟೆ ಎದ್ದಿತು.

ಪರಿಹಾರ ಕೊಟ್ಟ ಮೇಲೆ ಇನ್ನೇನು ಎಂದು ಕೇಳುವವರು ಇಂಥ ಸಂದರ್ಭಗಳಲ್ಲೆಲ್ಲ ಇರುತ್ತಾರೆ. ಅವರದೂ ಎರಡು ಮಟ್ಟಗಳ ಲೆಕ್ಕವೇ: ಹೋದ ಗದ್ದೆಯ ಬೆಲೆ ಇಷ್ಟು, ಕೈಸೇರಿದ ಹಣ ಇಷ್ಟು, ಸರಿದೂಗಿದರೆ ಖಾತೆ ಮುಚ್ಚಿತು. ವಿದ್ಯುತ್ತು ಬೇಡವೆನ್ನಲು ನನಗೂ ಬಾಯಿಲ್ಲ. ಗಿರಣಿಗಳ ಕಲ್ಲಿದ್ದಲ ಹೊಗೆಯನ್ನು ತಗ್ಗಿಸಿದ ಉಪಕಾರ ಆ ನೀರಿನದೂ ಹೌದು. ಆದರೆ ಈ ವಾದಿಗಳು ಭೌತಶಾಸ್ತ್ರದ ಅರ್ಧ ಪಾಠವನ್ನಷ್ಟೇ ಓದಿದಂತಿದೆ. ಗುರುತ್ವ ದಾರಿಯನ್ನು ಕೇಳುವುದಿಲ್ಲ, ನಿಜ, ಘರ್ಷಣೆ ಕೇಳುತ್ತದೆ. ಉಜ್ಜಿದಷ್ಟು ದೂರವೂ ಶಕ್ತಿ ಬಿಸಿಯಾಗಿ ಹೋಗುತ್ತದೆ, ಮರಳಿ ಬಂದರೂ ಅದು ಕೈಗೆ ಸಿಗದು. ಊರು ಬಿಡುವುದರಲ್ಲಿ ಇರುವುದೆಲ್ಲ ಘರ್ಷಣೆಯೇ. ಎತ್ತಿದ ಕಲ್ಲನ್ನು ಇಳಿಸಿ ಮತ್ತೆ ಅಲ್ಲಿಯೇ ಇಡಬಹುದು. ಮುಳಶಿಯ ರೈತ ಪಡೆದ ಹಣವನ್ನು ಪೈಸೆ ಬಿಡದೆ ಹಿಂದಿರುಗಿಸಿದ್ದರೂ ಗದ್ದೆ ಅವನಿಗೆ ಸಿಗುತ್ತಿರಲಿಲ್ಲ. ಅದರ ಮೇಲೆ ನಮ್ಮ ದೀಪಗಳಿಗಾಗಿ ನೀರು ನಿಂತಿತ್ತು.