ಅಕಾಲದ ಬಿಸಿಲು

ಕೇಡು ಕೇಡಿನ ರೂಪದಲ್ಲಿಯೇ ಬಂದರೆ ಅದನ್ನು ಗುರುತಿಸುವುದು ಕಷ್ಟವಲ್ಲ. ಬಿರುಗಾಳಿ, ನೆರೆ, ಕ್ಷಾಮ ಇವುಗಳನ್ನು ಕಂಡು ಹಿಗ್ಗುವವರು ಯಾರೂ ಇಲ್ಲ. ಆದರೆ ಅದೇ ಕೇಡು ಮೈಗೆ ಹಿತವಾದ ವೇಷವನ್ನು ತೊಟ್ಟು ಬಂದಾಗ ಮನುಷ್ಯನ ಮನಸ್ಸು ಹೇಗೆ ನಡೆದುಕೊಳ್ಳಬೇಕು? ಸುಖವಾದುದನ್ನು ಸುಖವೆಂದು ಅನುಭವಿಸುವುದರಲ್ಲಿ ದೋಷವುಂಟೇ? ನೀತಿಶಾಸ್ತ್ರದ ಗ್ರಂಥಗಳಲ್ಲಿ ಅಡಗಿ ಕುಳಿತಿರಬಹುದಾಗಿದ್ದ ಈ ಪ್ರಶ್ನೆಯು ಹಿಮಾಲಯದ ಶಿಮ್ಲಾ ನಗರದಲ್ಲಿ ಈಚೆಗೆ ಚಳಿಗಾಲ ಬಂದಾಗಲೆಲ್ಲ ಬೀದಿಗಿಳಿದು ನಿಲ್ಲುತ್ತಿದೆ.

ಶಿಮ್ಲಾ ಸಮುದ್ರಮಟ್ಟದಿಂದ ಸುಮಾರು ೨೨೦೦ ಮೀಟರು ಎತ್ತರದಲ್ಲಿರುವ ಊರು. ಜನವರಿಯೆಂದರೆ ಅಲ್ಲಿ ಮನೆಯ ಮಾಡು, ದೇವದಾರುವಿನ ಕೊಂಬೆ, ಬೆಟ್ಟದ ನೆತ್ತಿ ಎಲ್ಲವೂ ಬೆಳ್ಳಗಾಗಬೇಕಾದ ಕಾಲ. ೨೦೨೪ರ ಜನವರಿಯ ಬಹುಭಾಗ ಹಾಗಾಗಲಿಲ್ಲ. ಆಕಾಶ ಶುಭ್ರವಾಗಿ, ನೆಲ ಒಣಗಿ, ಬಿಸಿಲು ಎಳೆಯದಾಗಿ ಹಿತವಾಗಿದ್ದಿತು. ಹಿಮ ಬಂದುದು ಮಾಸವು ಮುಗಿಯುವ ಹೊತ್ತಿಗೆ. ಅದೇ ವರ್ಷದ ಡಿಸೆಂಬರಿನಲ್ಲಿಯಾದರೋ ಕ್ರಿಸ್ಮಸ್ ಹಬ್ಬಕ್ಕೆ ಮೊದಲೇ ಹಿಮ ಸುರಿಯಿತು. ಹಿಮ ಬೀಳುವುದು ನಿಂತುಹೋಗಿಲ್ಲ. ಬೀಳುವ ಕಾಲದ ನೆಚ್ಚಿಕೆ ತಪ್ಪಿದೆ. ಹತ್ತು ರೂಪಾಯಿ ಕೊಡದೆ ಹೋದ ಸಾಲಗಾರನಿಗಿಂತಲೂ, ಎಂದು ಕೊಡುವನೆಂಬುದೇ ತಿಳಿಯದ ಸಾಲಗಾರನಿಂದ ಸಂಸಾರಿಯು ಹೆಚ್ಚು ಕಂಗೆಡುತ್ತಾನೆ.

ಈ ಊರಿನ ಹುಟ್ಟಿನಲ್ಲಿಯೇ ಒಂದು ವಿನೋದವಿದೆ. ಬಯಲುನಾಡಿನ ಸೆಕೆಯನ್ನು ತಾಳಲಾರದೆ ಬೆಟ್ಟ ಹತ್ತಿದ ಆಂಗ್ಲರು ಇದನ್ನು ಬೆಳೆಸಿದರು. ೧೮೬೪ರಲ್ಲಿ ಇದು ಅವರ ಬೇಸಗೆಯ ರಾಜಧಾನಿಯಾಯಿತು. ೧೯೦೩ರಲ್ಲಿ ಕಾಲ್ಕಾದಿಂದ ೯೬ ಕಿಲೋಮೀಟರಿನ ರೈಲುಮಾರ್ಗವು ಮೇಲೇರಿ ಬಂದಿತು, ಕಲ್ಲಿದ್ದಲಿನ ಹೊಗೆಯನ್ನು ಕಾರುತ್ತಾ. ಸೆಕೆಗೆ ಹೆದರಿ ಓಡಿದವರು ಸೆಕೆಯ ಬೀಜವನ್ನು ಮಡಿಲಲ್ಲಿ ಕಟ್ಟಿಕೊಂಡೇ ಬಂದರೆಂದರೆ ಅದು ಅತಿಶಯೋಕ್ತಿಯಾದೀತು. ಒಂದು ಪುಟ್ಟ ರೈಲಿನ ಹೊಗೆ ಲೋಕದ ಹೊಗೆಯಲ್ಲಿ ಎಷ್ಟು ಪಾಲು? ಆದರೂ ಅಂಥ ಲಕ್ಷಾಂತರ ಎಂಜಿನುಗಳ, ಕಾರ್ಖಾನೆಗಳ, ವಾಹನಗಳ ಹೊಗೆ ಒಂದುಗೂಡಿ ಭೂಮಿಯನ್ನೇ ಕಾಯಿಸಿದೆ. ಯಂತ್ರಯುಗಕ್ಕೆ ಹಿಂದಿನ ಕಾಲದೊಡನೆ ಹೋಲಿಸಿದರೆ ೨೦೨೪ನೆಯ ವರ್ಷದ ಲೋಕದ ಸರಾಸರಿ ಉಷ್ಣತೆಯು ಒಂದೂವರೆ ಡಿಗ್ರಿಗೂ ಮೀರಿ ಏರಿದ್ದಿತು. ಬಿಟ್ಟು ಬಂದ ಸೆಕೆಯು ನಿಧಾನವಾಗಿ ಬೆಟ್ಟ ಹತ್ತಿ ಬಂದು ಸೇರಿದೆ.

ಬಂದುದರಿಂದ ಹಾನಿಯೇನು? ಚಳಿ ತಗ್ಗಿದರೆ ಒಳ್ಳೆಯದೇ ಅಲ್ಲವೇ? ಈ ಮಾತಿಗೆ ಉತ್ತರವನ್ನು ಮನುಷ್ಯನಿಗಿಂತ ಚೆನ್ನಾಗಿ ಹೇಳಬಲ್ಲುದು ಸೇಬಿನ ಮರ. ಕನ್ನಡನಾಡಿನ ಪೇಟೆಗಳಲ್ಲಿ ‘ಸಿಮ್ಲಾ ಸೇಬು’ ಎಂದು ಕೂಗಿ ಮಾರುವ ಹಣ್ಣಿನ ಹಿಂದೆ ದೊಡ್ಡ ಕಥೆಯಿದೆ. ಅಮೆರಿಕೆಯ ಫಿಲಡೆಲ್ಫಿಯದ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ತರುಣನು ೧೯೦೪ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದು, ಶಿಮ್ಲಾದಾಚೆಯ ಕೋಟ್‌ಗಢದಲ್ಲಿ ನೆಲೆಸಿ, ಅಲ್ಲಿಯವರಲ್ಲಿಯೇ ಒಬ್ಬನಾದನು. ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆಯನ್ನೂ ಕಂಡನು. ಮುಂದೆ ಸತ್ಯಾನಂದನೆಂಬ ಹೆಸರನ್ನು ತಾಳಿದನು. ೧೯೧೬ರಲ್ಲಿ ಅವನು ತನ್ನ ದೇಶದ ‘ರೆಡ್ ಡೆಲಿಷಸ್’ ಸಸಿಗಳನ್ನು ತರಿಸಿ ನೆಟ್ಟುದರಿಂದ ಬಡ ಬೇಸಾಯಗಾರರ ಗುಡ್ಡಗಳು ತೋಟಗಳಾದುವು. ಮಕ್ಕಳ ವಿದ್ಯೆ, ಹೆಣ್ಣಿನ ಮದುವೆ, ಮನೆಯ ಮಾಡು ಎಲ್ಲವೂ ಆ ಮರದ ಮೇಲೆ ನಿಂತುವು.

ಆ ಮರಕ್ಕೆ ಒಂದು ವ್ರತವಿದೆ. ಶರತ್ಕಾಲದಲ್ಲಿ ಎಲೆಯುದುರಿಸಿ ಅದರ ಮೊಗ್ಗು ನಿದ್ರೆಗೆ ಇಳಿಯುತ್ತದೆ. ಉಷ್ಣತೆ ಏಳು ಡಿಗ್ರಿಗಿಂತ ಕೆಳಗಿರುವ ಗಂಟೆಗಳು ಸುಮಾರು ಸಾವಿರದಷ್ಟು ಕೂಡಿದ ಮೇಲೆಯೇ ಆ ನಿದ್ರೆ ಸರಿಯಾಗಿ ತಿಳಿಯುವುದು. ಚಳಿಯ ಈ ಲೆಕ್ಕವನ್ನು ಮರವು ಗುಮಾಸ್ತನಂತೆ ಇಡುತ್ತದೆ. ಬಿಸಿಲು ಎಷ್ಟು ಸೊಗಸಾಗಿದ್ದರೂ ರಿಯಾಯಿತಿ ತೋರಿಸುವುದಿಲ್ಲ. ಗಂಟೆಗಳು ಸಾಲದೆ ಹೋದರೆ ಕೆಲವು ಮೊಗ್ಗು ಬೇಗ, ಕೆಲವು ತಡವಾಗಿ, ಕೆಲವು ಅರಳದೆಯೇ ಹೋಗುತ್ತವೆ. ಈ ಜಾತಿಯ ಮರಕ್ಕೆ ಪರಾಗವು ಬೇರೊಂದು ಜಾತಿಯಿಂದ ಬರಬೇಕು. ಎರಡರ ಹೂಗಾಲ ಹೊಂದದಿದ್ದರೆ ಜೇನುನೊಣವಾದರೂ ಏನು ಮಾಡೀತು? ಇನ್ನು ಫೆಬ್ರವರಿಯ ಸೆಕೆಗೆ ಮೋಸಹೋಗಿ ಮುಂಚಿತವಾಗಿ ಅರಳಿದ ಹೂವಿನ ಮೇಲೆ ಏಪ್ರಿಲಿನಲ್ಲಿ ಆಲಿಕಲ್ಲೋ ಹಿಮವೋ ಬಿದ್ದರೆ ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಮಣ್ಣುಪಾಲು.

ನೀರಿನ ಮಾತೂ ಇದೆ. ಮಳೆ ಇಳಿಜಾರಿನಲ್ಲಿ ಓಡಿಹೋಗುತ್ತದೆ. ಹಿಮ ಕುಳಿತು, ಕರಗಿ, ಹನಿಹನಿಯಾಗಿ ನೆಲಕ್ಕಿಳಿದು ಬೇಸಗೆಯ ಒರತೆಗಳನ್ನು ಪೋಷಿಸುತ್ತದೆ. ಹಿಮವೂ ಮಳೆಯೂ ಕಡಿಮೆಯಾಗಿದ್ದ ಒಂದು ಚಳಿಗಾಲದ ತರುವಾಯ, ೨೦೧೮ರ ಮೇ ತಿಂಗಳಿನಲ್ಲಿ, ಶಿಮ್ಲಾದ ಜನರು ಕೊಡಗಳನ್ನು ಹಿಡಿದು ಬೀದಿಯಲ್ಲಿ ಸಾಲುಗಟ್ಟಿದರು.

ಇಷ್ಟು ತಿಳಿದ ಮೇಲೆ ಜನವರಿಯ ಬಿಸಿಲನ್ನು ಶಪಿಸಿಬಿಡುವುದು ಸುಲಭ. ಆದರೆ ಅದೇ ಊರಿನಲ್ಲಿ ಬೆನ್ನಿಗೆ ಹಗ್ಗ ಬಿಗಿದು, ಅಡುಗೆಯ ಅನಿಲದ ಸಿಲಿಂಡರನ್ನೋ ಪ್ರವಾಸಿಯ ಪೆಟ್ಟಿಗೆಯನ್ನೋ ಹೊತ್ತು ಮೆಟ್ಟಲೇರುವ ಹೊರೆಯಾಳು ಇದ್ದಾನೆ. ಹಿಮ ಬಿದ್ದ ದಿನ ಅವನ ಕಾಲು ಜಾರುತ್ತದೆ. ರಾತ್ರಿ ಅವನ ಕಂಬಳಿ ಸಾಲದು. ಬಿಸಿಲು ಕಂಡು ಅವನು ಮುಖವರಳಿಸಿದರೆ ಅದನ್ನು ಪಾಪವೆನ್ನುವ ನೀತಿಯು ನೀತಿಯಲ್ಲ. ಅಗ್ಗಿಷ್ಟಿಕೆಯ ಮುಂದೆ ಕುಳಿತವರ ಮಾತು. ವಿದ್ವಾಂಸರಲ್ಲಿಯೂ ಹೀಗೆ ಮುಖವರಳಿಸಿದವರುಂಟು. ಇದ್ದಲಿನ ಹೊಗೆಯಿಂದ ಭೂಮಿ ಎಷ್ಟು ಕಾದೀತೆಂಬುದನ್ನು ೧೮೯೬ರಲ್ಲಿ ಲೆಕ್ಕ ಹಾಕಿದ ಸ್ವೀಡನ್ ದೇಶದ ಅರೇನಿಯಸ್ ಪಂಡಿತನು, ಇದರಿಂದ ಶೀತದೇಶಗಳಿಗೆ ಒಳ್ಳೆಯ ಹವೆ ದೊರಕೀತೆಂದು ಮುಂದೆ ಒಂದು ಗ್ರಂಥದಲ್ಲಿ ಆಶೆಪಟ್ಟನು. ಲೆಕ್ಕ ಹಾಕಿದ ಬುದ್ಧಿ ಅಸಾಧಾರಣವಾದುದು; ಆಶೆಪಟ್ಟುದು ಮಾತ್ರ ಉತ್ತರದ ಚಳಿಯಲ್ಲಿ ನಡುಗಿದ ಮೈ.

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸೂ ಪ್ರೇಯಸ್ಸೂ ಬೇರೆಬೇರೆಯೆಂದು ತಿಳಿಸುತ್ತಾನೆ. ಈ ವಿವೇಕವನ್ನು ಇಲ್ಲಿಗೂ ಅನ್ವಯಿಸಿ, ಬಿಸಿಲು ಪ್ರೇಯಸ್ಸು, ಚಳಿ ಶ್ರೇಯಸ್ಸು ಎಂದು ಹೇಳಿ ಮುಗಿಸಬಹುದೆಂದು ತೋರುತ್ತದೆ. ಹಾಗೆ ಮುಗಿಯುವುದಿಲ್ಲ. ಅಲ್ಲಿ ಆರಿಸಿಕೊಳ್ಳುವವನೂ ಫಲವನ್ನು ಉಣ್ಣುವವನೂ ಒಬ್ಬನೇ. ಶಿಮ್ಲಾದಲ್ಲಿ ಪ್ರೇಯಸ್ಸು ದೊರೆಯುವುದು ಮೂರು ದಿನದ ಪ್ರವಾಸಿಗೆ. ಶ್ರೇಯಸ್ಸು ತಪ್ಪುವುದು ಕೋಟ್‌ಗಢದ ತೋಟಗಾರನಿಗೆ. ಆರಿಸಿಕೊಂಡವರಾದರೋ ಇಬ್ಬರೂ ಅಲ್ಲ. ಬಹುಪಾಲು ಹೊಗೆ ದೂರದ ದೇಶಗಳದು, ಕಳೆದುಹೋದ ತಲೆಮಾರುಗಳದು. ಕರ್ತೃವೊಬ್ಬ, ಭೋಕ್ತೃವೊಬ್ಬ, ನಷ್ಟಪಡುವವನೊಬ್ಬ. ಕರ್ಮದ ಲೆಕ್ಕವನ್ನು ಒಂದೇ ಜೀವದ ಹೆಸರಿನಲ್ಲಿ ಬರೆದುಕೊಂಡು ಬಂದವರಿಗೆ ಈ ಖಾತೆಯನ್ನು ತೆರೆಯುವುದೇ ಕಷ್ಟ.

ಆದುದರಿಂದ ದೋಷವನ್ನು ಸುಖದಲ್ಲಿ ಹುಡುಕುವುದು ದಾರಿತಪ್ಪಿದ ಶೋಧನೆ. ಸುಖವನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡಾಗ ದೋಷವು ಮೊದಲಾಗುತ್ತದೆ. ‘ಹವೆ ಚೆನ್ನಾಗಿದೆ’ ಎಂಬುದು ಮೈಯ ಮಾತು. ‘ಆದುದರಿಂದ ಎಲ್ಲವೂ ಚೆನ್ನಾಗಿದೆ’ ಎಂಬುದು ಸುಳ್ಳುಸಾಕ್ಷಿ. ಹೊರೆಯಾಳು ಮೊದಲನೆಯದನ್ನು ಹೇಳಿ ಸುಮ್ಮನಾಗುತ್ತಾನೆ. ಎರಡನೆಯದನ್ನು ಸೇರಿಸುವವರು ಸಾಮಾನ್ಯವಾಗಿ ತಿಳಿದವರೇ. ಏಕೆಂದರೆ ಹಾಗೆ ನಂಬಿದರೆ ಅವರು ಏನನ್ನೂ ಬಿಡಬೇಕಾಗಿಲ್ಲ. ಹಿಂದಿನ ಕಾಲದಲ್ಲಿ ಚಳಿ ಹೆಚ್ಚೆಂದು ಮುದುಕರು ಯಾವ ಕಾಲದಲ್ಲಿಯೂ ಹೇಳುತ್ತಾರೆಂದು ನಕ್ಕುಬಿಡುವವರೂ ಇದ್ದಾರೆ. ಮುದುಕರ ನೆನಪು ತಪ್ಪಬಹುದು, ಒಪ್ಪತಕ್ಕ ಮಾತು. ಆದರೆ ಮರಕ್ಕೆ ಹಿಂದಿನ ಕಾಲದ ಹಂಬಲವಿಲ್ಲ. ಶಿಮ್ಲಾದಲ್ಲಿ ೧೯೨೦ರಿಂದ ನಡೆದುಬಂದ, ಬಯಲಿನಲ್ಲಿ ನೀರೆರೆದು ರಾತ್ರಿಯ ಚಳಿಯಿಂದಲೇ ಹೆಪ್ಪುಗಟ್ಟಿಸುವ ಜಾರಾಟದ ಅಂಗಳಕ್ಕೂ ಹಂಬಲವಿಲ್ಲ; ರಾತ್ರಿ ಬೆಚ್ಚಗಿದ್ದರೆ ಬೆಳಗ್ಗೆ ಅಲ್ಲಿ ನೀರೇ ಇರುತ್ತದೆ.

ಬೆಟ್ಟದ ಜನರು ಕೈಕಟ್ಟಿ ಕುಳಿತಿಲ್ಲ. ಕುಲ್ಲು ಕಣಿವೆಯ ತಗ್ಗಿನಲ್ಲಿ ಸೇಬನ್ನು ಕಿತ್ತು ದಾಳಿಂಬೆಯನ್ನು ನೆಟ್ಟವರಿದ್ದಾರೆ. ಸೇಬು ಕಿನ್ನೌರ, ಲಾಹೌಲ್‌ಗಳ ಎತ್ತರಕ್ಕೆ ಏರಿದೆ. ಬಿಲಾಸ್‌ಪುರ ಜಿಲ್ಲೆಯ ಹರಿಮನ್ ಶರ್ಮ ಎಂಬ ಕೃಷಿಕರು, ಸೇಬಿಗೆ ಸಲ್ಲದೆಂದು ಎಲ್ಲರೂ ಎಣಿಸಿದ್ದ ತಗ್ಗಿನ ಸೆಕೆಯಲ್ಲಿಯೇ ಫಲಿಸುವ ತಳಿಯನ್ನು ಬೆಳೆಸಿ ೨೦೨೫ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದರು. ಇದು ನಿಜವಾದ ಸಾಧನೆ. ಇದನ್ನೇ ತೋರಿಸಿ, ಮನುಷ್ಯನು ಹೇಗಾದರೂ ಹೊಂದಿಕೊಳ್ಳುತ್ತಾನೆ, ಚಿಂತೆಯೇಕೆ ಎನ್ನುವವರು ಆ ಕೃಷಿಕರ ಬೆವರನ್ನು ತಮ್ಮ ಸಾಲಕ್ಕೆ ಜಮಾ ಮಾಡಿಕೊಳ್ಳುತ್ತಿದ್ದಾರೆ. ಇತ್ತ ಕೋಟ್‌ಗಢದ ಇಳಿಜಾರಿನಲ್ಲಿ ಹಳೆಯ ಮರವನ್ನು ಕಡಿದ ಗುಂಡಿಯ ಬಳಿ ನಿಂತವನು ಹೊಸ ಸಸಿಯನ್ನು ಆರಿಸಬೇಕಾಗಿದೆ. ಅದು ಫಲಕ್ಕೆ ಬರಲು ವರ್ಷಗಳು ಬೇಕು, ಮಗನ ಕಾಲದವರೆಗೆ ಅದು ನಿಲ್ಲಬೇಕು. ಎಷ್ಟು ಗಂಟೆಯ ಚಳಿಯನ್ನು ನಂಬಿ ನೆಡುವುದೆಂದು ಅವನು ಯಾರನ್ನು ಕೇಳಿಯಾನು?