ಲಿಖಿತವಿಲ್ಲದ ದಾಯ

ವಸ್ತುವೊಂದು ಕೈಯಲ್ಲಿದ್ದ ಮಾತ್ರಕ್ಕೆ ಅದರ ಮೇಲಿನ ಅಧಿಕಾರವೂ ಸಿದ್ಧಿಸುತ್ತದೆಯೇ ಎಂಬುದು ಧರ್ಮಶಾಸ್ತ್ರದ ಹಳೆಯ ಜಿಜ್ಞಾಸೆಗಳಲ್ಲೊಂದು. ಯಾಜ್ಞವಲ್ಕ್ಯಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನು, ಅಂದರೆ ಬರೆದಿಟ್ಟ ಪತ್ರ, ಅನುಭೋಗ ಮತ್ತು ಬಲ್ಲವರ ಮಾತನ್ನು, ಪ್ರಮಾಣಗಳೆಂದು ಒಪ್ಪುತ್ತದೆ. ಆದರೆ ಭುಕ್ತಿಗಿಂತ ಆಗಮವು, ಎಂದರೆ ವಸ್ತುವು ನ್ಯಾಯವಾಗಿ ದೊರೆತ ಮೂಲವು, ಮೇಲೆಂದು ಹೇಳಿ, ಹಿರಿಯರಿಂದ ಕ್ರಮವಾಗಿ ಇಳಿದುಬಂದ ಭುಕ್ತಿಯನ್ನು ಮಾತ್ರ ಇದಕ್ಕೆ ಹೊರತಾಗಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದಲ್ಲಿ ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಸ್ವತ್ವವು, ಎಂದರೆ ಒಡೆತನವು, ಲೋಕವ್ಯವಹಾರದಿಂದಲೇ ತಿಳಿಯತಕ್ಕದ್ದು ಎಂದು ಪ್ರತಿಪಾದಿಸಿದನು. ಆದ್ದರಿಂದ ಇಂದಿನ ವ್ಯವಹಾರದ ಒಂದು ದಾಯವನ್ನು, ಎಂದರೆ ಹಿಂದಿನವರಿಂದ ಬಂದ ಸ್ವತ್ತನ್ನು, ಈ ಬೆಳಕಿನಲ್ಲಿ ನೋಡುವುದು ಅಸಂಗತವಾಗದು.

ಕಚೇರಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ನೆಟ್‌ವರ್ಕ್ ಸ್ವಿಚ್ಚಿನ ಪಾಸ್‌ವರ್ಡನ್ನಾಗಲಿ ವಿನ್ಯಾಸವನ್ನಾಗಲಿ ಹಿಂದಿನ ನಿರ್ವಾಹಕನು ಬರೆದಿಡದೆ ಹೊರಟುಹೋದಾಗ, ಅವನ ಸ್ಥಾನಕ್ಕೆ ಬಂದವನಿಗೆ ಲಿಖಿತವೂ ಇಲ್ಲ, ಸಾಕ್ಷಿಯೂ ಇಲ್ಲ, ಉಳಿಯುವುದು ಭುಕ್ತಿಯೊಂದೇ. ಹಳೆಯ ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್ಚುಗಳು ಅನೇಕವು ಈ ಭುಕ್ತಿಯನ್ನೇ ಪ್ರಮಾಣವಾಗಿ ಸ್ವೀಕರಿಸುತ್ತವೆ. ಕನ್ಸೋಲ್ ಕೇಬಲನ್ನು ಜೋಡಿಸಿ, ಮುಂಭಾಗದ ಮೋಡ್ ಗುಂಡಿಯನ್ನು ಒತ್ತಿಹಿಡಿದು ವಿದ್ಯುತ್ ಕೊಟ್ಟರೆ ಯಂತ್ರವು ಅರ್ಧದಲ್ಲೇ ನಿಲ್ಲುತ್ತದೆ. ಆಗ ಸಂರಚನೆಯ, ಎಂದರೆ ಯಂತ್ರದ ನಡವಳಿಕೆಯನ್ನು ನಿಗದಿಪಡಿಸುವ ಆದೇಶಗಳ, ಕಡತದ ಹೆಸರನ್ನು ಬದಲಿಸಿ ಮುಂದುವರಿಸಿದರೆ, ಅದು ತನ್ನ ಪೂರ್ವಸ್ಮೃತಿಯನ್ನು ಕಾಣದೆ, ಪಾಸ್‌ವರ್ಡನ್ನೂ ಕೇಳದೆ ಎಚ್ಚರಗೊಳ್ಳುತ್ತದೆ. ನಿರ್ವಾಹಕನು ಮೊದಲು ಒಳಹೊಕ್ಕು, ಆಮೇಲೆ ಕಡತಕ್ಕೆ ಹಳೆಯ ಹೆಸರನ್ನೇ ಕೊಟ್ಟು, ಅದನ್ನು ಚಾಲ್ತಿಯ ಸಂರಚನೆಗೆ ತಂದುಕೊಂಡು, ಹೊಸ ಪಾಸ್‌ವರ್ಡನ್ನಿಟ್ಟು ಉಳಿಸುತ್ತಾನೆ. ಹಳೆಯ ಗುಟ್ಟು ಕೊನೆಯವರೆಗೂ ತಿಳಿಯದಿದ್ದರೂ, ಆ ಗುಟ್ಟು ಕಾಯುತ್ತಿದ್ದ ಕೆಲಸವೆಲ್ಲ ಅಳಿಯದೆ ಕೈಗೆ ಬರುತ್ತದೆ.

ಇಲ್ಲಿಯೇ ಪ್ರಶ್ನೆ ಗಟ್ಟಿಯಾಗುತ್ತದೆ. ಗುಂಡಿಯನ್ನು ಒತ್ತಿದ ಬೆರಳು ಉತ್ತರಾಧಿಕಾರಿಯದೋ ಕಳ್ಳನದೋ ಎಂಬುದನ್ನು ಯಂತ್ರವು ಅರಿಯದು. ಈ ಭಯದಿಂದಲೇ ಕೆಲವರು ಪಾಸ್‌ವರ್ಡ್ ಮರುಪಡೆಯುವ ಸೌಲಭ್ಯವನ್ನು ಮುಂಚೆಯೇ ನಿಲ್ಲಿಸಿರುತ್ತಾರೆ. ಅಂಥಲ್ಲಿ ಪೆಟ್ಟಿಗೆಯನ್ನು ವಶಕ್ಕೆ ತೆಗೆದುಕೊಳ್ಳಬಹುದಾದರೂ ಸಂರಚನೆಯನ್ನು ಅಳಿಸಲು ಒಪ್ಪಬೇಕಾಗುತ್ತದೆ, ಎಂದರೆ ವಸ್ತು ದಕ್ಕಿ ದಾಯವು ನಾಶವಾಗುತ್ತದೆ. ಭುಕ್ತಿಯು ಬಾಗಿಲನ್ನಷ್ಟೇ ತೆರೆಯಬಲ್ಲದು. ಪ್ರವೇಶವನ್ನು ನ್ಯಾಯವಾಗಿಸುವ ಆಗಮವು ಯಂತ್ರದ ಹೊರಗೆ, ಸಂಸ್ಥೆಯು ಕೊಟ್ಟ ಒಪ್ಪಿಗೆಯಲ್ಲಿ ಮತ್ತು ಆ ಜಾಲವನ್ನು ನಂಬಿ ಕುಳಿತವರಿಗೆ ಮುನ್ಸೂಚನೆ ಕೊಟ್ಟೇ ಅದನ್ನು ನಿಲ್ಲಿಸುವ ವಿವೇಕದಲ್ಲಿ ಇರುತ್ತದೆ.

ವೈದಿಕ ಪರಂಪರೆಯು ಹೇಳುವ ಮೂರು ಋಣಗಳಲ್ಲಿ ಋಷಿಋಣವು ವಿದ್ಯೆಯನ್ನು ಕೊಟ್ಟವರಿಗೆ ಸಲ್ಲಬೇಕಾದ ಸಾಲವಾಗಿದ್ದು, ಅಧ್ಯಯನದಿಂದ ತೀರತಕ್ಕದ್ದು. ಹಿಂದಿನವನ ಸಂರಚನೆಯನ್ನು ಸಾಲುಸಾಲಾಗಿ ಓದಿ, ಯಾವ ಪೋರ್ಟಿಗೆ ಯಾವ ಕೋಣೆಯ ತಂತಿ ಸೇರಿದೆಯೆಂಬುದನ್ನು ಬರೆದು, ಅಧಿಕಾರವುಳ್ಳವರಿಗೆ ಸಿಗುವಂತೆ ಕಾಪಿಡುವುದು ಅದೇ ಋಣದ ಸಂದಾಯ. ಲಿಖಿತವಿಲ್ಲದೆ ದಾಯವನ್ನು ಪಡೆದವನು ಲಿಖಿತವನ್ನು ಮಾಡಿಟ್ಟೇ ಅದನ್ನು ಮುಂದಿನವರಿಗೆ ಒಪ್ಪಿಸಬೇಕು.